ನಕಾಶೆಯ ಗೆರೆ, ಟಿಕೆಟ್ಟಿನ ಗಂಟೆ

ಶಿವಮೊಗ್ಗದಿಂದ ಬೀದರ್‌ಗೆ ಮೊಬೈಲಿನ ನಕಾಶೆಯಲ್ಲಿ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ 490 ಕಿ.ಮೀ. ಬರುತ್ತದೆ. ‘ವಿಮಾನಕ್ಕೆ ಒಂದು ಗಂಟೆ ದಾರಿ’ ಎಂದು ಬೆಂಗಳೂರಿನ ಇಂದಿರಾನಗರದ ಪಿ.ಜಿ.ಯಲ್ಲಿರುವ ಹುಡುಗರು ಕಣ್ಣುಮುಚ್ಚಿ ಹೇಳಿಬಿಡುತ್ತಾರೆ. ಲೆಕ್ಕವೇನೋ ಸರಿ, ಆದರೆ ಆ ಗೆರೆಯ ಮೇಲೆ ಹಾರುವ ವಿಮಾನ ಬೇಕಲ್ಲ! ಸಣ್ಣ ಊರಿನ ನಿಲ್ದಾಣಗಳು ತಮ್ಮತಮ್ಮಲ್ಲಿ ಸಂಬಂಧ ಬೆಳೆಸುವುದು ಅಪರೂಪ. ಎಪ್ಪತ್ತು ಚಿಲ್ಲರೆ ಸೀಟು ತುಂಬಬೇಕಾದರೆ ಒಂದು ತುದಿಯಲ್ಲಾದರೂ ದೊಡ್ಡ ನಗರ ಇರಬೇಕು. ಹಾಗಾಗಿ ಶಿವಮೊಗ್ಗದವರು ಬೆಂಗಳೂರಿಗೆ 240 ಕಿ.ಮೀ. ಬಂದು, ಅಲ್ಲಿ ಕಾದು, ಇನ್ನೊಂದು ವಿಮಾನದಲ್ಲಿ ಬೀದರ್‌ಗೆ 520 ಕಿ.ಮೀ. ಹಾರಬೇಕು. ಕಾಯುವ ಹೊತ್ತು ಬಿಟ್ಟರೂ ದೂರವೇ ಒಂದೂವರೆ ಪಟ್ಟು.

ಟಿಕೆಟ್ಟಿನಲ್ಲಿರುವುದು ಹಾರುವ ಸಮಯ ಎಂಬುದೂ ತಪ್ಪು. ವಿಮಾನ ನಿಂತ ಜಾಗದಿಂದ ಅಲುಗಾಡಿದ್ದು ಮೊದಲ್ಗೊಂಡು, ಇಳಿದ ಊರಿನಲ್ಲಿ ಮತ್ತೆ ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇವರೆಗಿನ ಓಟ, ಸರದಿಯ ಕಾಯುವಿಕೆ, ಏರಿಕೆ, ಇಳಿಕೆ ಎಲ್ಲ ಅದರೊಳಗೇ. ಶಿವಮೊಗ್ಗದಂಥ ಹತ್ತಿರದ ಊರಿಗೆ ನಿಜವಾದ ಹಾರಾಟ ಅದರ ಅರ್ಧಕ್ಕಿಂತ ತುಸು ಹೆಚ್ಚಿದ್ದರೆ ಹೆಚ್ಚು.

ಈ ಕಾರಣಕ್ಕೇ ‘ಫ್ಯಾನಿರುವ ವಿಮಾನ ನಿಧಾನ’ ಎಂಬ ಗೊಣಗಾಟಕ್ಕೂ ಅರ್ಥವಿಲ್ಲ. 2023ರ ಆಗಸ್ಟ್ 31ರಂದು ಶಿವಮೊಗ್ಗಕ್ಕೆ ಮೊದಲ ಪ್ರಯಾಣಿಕರನ್ನು ತಂದಿಳಿಸಿದ್ದು ಅಂಥದೇ ಎಟಿಆರ್ ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಜೆಟ್‌ನದು 800ರ ಮೇಲೆ. ಆದರೂ 240 ಕಿ.ಮೀ.ಗೆ ಉಳಿಯುವುದು ಹತ್ತು ನಿಮಿಷ. ಜೆಟ್ ಪೂರ್ತಿ ವೇಗ ಹಿಡಿಯುವ ಹೊತ್ತಿಗೆ ಇಳಿಯುವ ಸಮಯ ಬಂದಿರುತ್ತದೆ.

ಹಲಸೂರಿನ ಹಿರಿಯರದು ಬೇರೆಯೇ ನಂಬಿಕೆ: ಎಚ್‌ಎಎಲ್ ಏರ್‌ಪೋರ್ಟ್ ಮುಚ್ಚಿಹೋಯಿತು ಅಂತ. ಅದು ಮುಚ್ಚಿಲ್ಲ. ಅಲ್ಲಿಂದ ಯುದ್ಧವಿಮಾನಗಳ ಪರೀಕ್ಷಾ ಹಾರಾಟ ನಡೆಯುತ್ತದೆ, ಗಣ್ಯರ ವಿಮಾನಗಳೂ ಖಾಸಗಿ ವಿಮಾನಗಳೂ ಬಂದಿಳಿಯುತ್ತವೆ. 2008ರ ಮೇ 24ಕ್ಕೆ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದದ್ದು ನಿತ್ಯದ ಪ್ರಯಾಣಿಕ ವಿಮಾನಗಳು ಮಾತ್ರ. ಆಟೊದಲ್ಲಿ ಮುಗಿಯುತ್ತಿದ್ದ ದಾರಿ ಈಗ 35–40 ಕಿ.ಮೀ.; ನಮ್ಮ ಪೂರ್ವ ಬೆಂಗಳೂರಿನವರ ಲೆಕ್ಕ ಕೆಡುವುದೇ ಇಲ್ಲಿ.

ಕೆ.ಆರ್. ಪುರದಿಂದ ದೇವನಹಳ್ಳಿಗೆ ಒಂದೂವರೆ ಗಂಟೆ. ಅಲ್ಲಿ ಮತ್ತೆ ಒಂದೂಕಾಲು. ಟಿಕೆಟ್ಟಿನದು ಸುಮಾರು ಒಂದು. ಆಮೇಲೆ ಸೋಗಾನೆಯ ನಿಲ್ದಾಣದಿಂದ ಶಿವಮೊಗ್ಗ ಪೇಟೆಗೆ ಇನ್ನರ್ಧ. ನಾಲ್ಕು ದಾಟಿತು. ಜನಶತಾಬ್ದಿ ರೈಲು ಐದು ಗಂಟೆಯೊಳಗೆ ಮುಟ್ಟಿಸುತ್ತದೆ, ಅದೂ ಎಷ್ಟು ಕಡಿಮೆ ದುಡ್ಡಿಗೆ!

ಬೀದರ್ ಕಡೆಯವರ ಮಾತು ಬೇರೆ. ರಾತ್ರಿಯಿಡೀ ರೈಲಿನಲ್ಲಿ ಕಳೆಯುವವರಿಗೆ ವಿಮಾನದಿಂದ ನಿಜವಾದ ಉಳಿತಾಯವಿದೆ. ಆದರೆ ಅಲ್ಲಿನ ರನ್‌ವೇ ವಾಯುಪಡೆಯದು, ಪ್ರಯಾಣಿಕರದು ಅದರ ಒಂದು ಮೂಲೆ. 2020ರ ಫೆಬ್ರುವರಿಯಲ್ಲಿ ಶುರುವಾದ ವಿಮಾನ ಸೇವೆ ನಡುನಡುವೆ ನಿಂತೂ ಇದೆ. ರಜೆ ಬರೆಯುವ ಮೊದಲು ಆ ವಾರ ಯಾವ ದಿನ ವಿಮಾನವಿದೆ ಎಂದು ನೋಡಿಕೊಳ್ಳಿ.