ಸೊಂಟನೋವಿರುವವರಿಗೆ ತಕ್ಕ ಗೃಹಶುಚಿತ್ವದ ಸಾಧನಗಳು

ಮನೆ ಶುಚಿಯಾಗಿದ್ದರೆ ಮನೆಮಂದಿಯ ಆರೋಗ್ಯ ನೆಟ್ಟಗಿರುತ್ತದೆ ಎಂಬುದನ್ನು ಅರಿಯದವರಿಲ್ಲ. ಆದರೆ ಆ ಶುಚಿತ್ವವನ್ನು ದಿನವೂ ಕಾಪಾಡುವ ಗೃಹಿಣಿಯ ಸೊಂಟದ ಸ್ಥಿತಿಯನ್ನು ವಿಚಾರಿಸುವವರು ವಿರಳ. ಬೆಳಗಿನ ಜಾವ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿಯಿಟ್ಟು, ಕೊಟ್ಟಿಗೆಯ ಸಗಣಿ ಬಾಚಿ, ಪಾತ್ರೆ ಬೆಳಗಿ, ನೆಲ ಒರೆಸಿ ಮುಗಿಸುವವರೆಗೆ ಆಕೆ ಬಹುಪಾಲು ಬಾಗಿಯೇ ಇರುತ್ತಾಳೆ. ಸೊಂಟ ನೋಯುತ್ತದೆಂದರೆ, “ಹೆರಿಗೆಯಾದ ಮೇಲೆ ಎಲ್ಲರಿಗೂ ಇದ್ದದ್ದೇ” ಎಂಬ ಉತ್ತರ ದೊರೆಯುತ್ತದೆ. ಈ ಉತ್ತರದಿಂದ ನೋವು ಶಮನವಾಗುವುದಿಲ್ಲ. ಕೈಯಲ್ಲಿರುವ ಗಿಡ್ಡ ಪೊರಕೆ, ತುಂಬಿದ ಬಕೆಟ್ಟು, ನೆಲಮಟ್ಟದ ಒಗೆಯುವ ಕಲ್ಲು ಇವು ಆ ನೋವನ್ನು ದಿನದಿನವೂ ಹೆಚ್ಚಿಸುತ್ತಿರಬಹುದು. ಇವುಗಳನ್ನು ಬದಲಾಯಿಸಿಕೊಳ್ಳುವುದು ಅಲ್ಪ ವೆಚ್ಚದಲ್ಲಿ ದಂಪತಿಗಳಿಗೆ ಸಾಧ್ಯವಿರುವ ಕೆಲಸ.

ಬಾಗಿದಾಗ ಆಗುವುದೇನು?

ನಮ್ಮ ಸೊಂಟದ ಭಾಗದಲ್ಲಿ ಬೆನ್ನೆಲುಬಿನ ಐದು ದಪ್ಪ ಮಣಿಗಳಿವೆ. ಮಣಿಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ದೇಹದ ಮೇಲ್ಭಾಗದ ಭಾರವನ್ನು ಇವು ಹೊರುತ್ತವೆ. ಮುಂದಕ್ಕೆ ಬಾಗಿದೊಡನೆ ತಲೆ, ಭುಜ ಮತ್ತು ಎದೆಯ ಭಾರವೆಲ್ಲವೂ ಏತದ ಮರದ ತುದಿಗೆ ಕಟ್ಟಿದ ಭಾರದಂತೆ ಮುಂದಕ್ಕೆ ಜಗ್ಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಬೆನ್ನಿನ ಸ್ನಾಯುಗಳು ಬಿಗಿದುಕೊಂಡೇ ಇರಬೇಕಾಗುತ್ತದೆ. ಸ್ವೀಡನ್ ದೇಶದ ಮೂಳೆ ತಜ್ಞರಾದ ಆಲ್ಫ್ ನಾಕೆಮ್ಸನ್ ಅವರು 1960ರ ದಶಕದಲ್ಲಿ ಈ ಬಿಲ್ಲೆಗಳೊಳಗಿನ ಒತ್ತಡವನ್ನು ಅಳೆದರು. ನೆಟ್ಟಗೆ ನಿಂತಾಗಿನದಕ್ಕಿಂತ ಬಾಗಿದಾಗ ಒತ್ತಡ ಹೆಚ್ಚೆಂದೂ, ಬಾಗಿ ಭಾರ ಹಿಡಿದಾಗ ಅದು ಇನ್ನಷ್ಟು ಏರುವುದೆಂದೂ ಅವರ ಅಳತೆಗಳಿಂದ ತಿಳಿದುಬಂದಿತು.

ಗರ್ಭಿಣಿಯರ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅವಶ್ಯಕ. ಹೆರಿಗೆಗೆ ಅನುಕೂಲವಾಗುವಂತೆ ಕಟಿಭಾಗದ ಕೀಲುಗಳ ಕಟ್ಟುಗಳು ಸಡಿಲಗೊಳ್ಳುತ್ತವೆ, ಹೊಟ್ಟೆಯ ಸ್ನಾಯುಗಳು ಹಿಗ್ಗುತ್ತವೆ. ಹೆರಿಗೆಯಾದ ಕೂಡಲೇ ಇವು ಮೊದಲಿನ ಬಲಕ್ಕೆ ಮರಳುವುದಿಲ್ಲ. ಅದಕ್ಕೆ ಕೆಲವು ತಿಂಗಳುಗಳು ಬೇಕು. ಬಾಣಂತನ ಮುಗಿಯಿತೆಂದು ಒಮ್ಮೆಲೇ ತುಂಬಿದ ಕೊಡ ಎತ್ತುವುದು ಹಿತಕರವಲ್ಲ.

ಈ ತೊಂದರೆ ನಿಮ್ಮೊಬ್ಬರದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಪ್ರಪಂಚದಲ್ಲಿ 61 ಕೋಟಿ 90 ಲಕ್ಷ ಜನರು ಸೊಂಟನೋವಿನಿಂದ ಬಳಲುತ್ತಿದ್ದರು. ಅವರಲ್ಲಿ ಪುರುಷರಿಗಿಂತ ಸ್ತ್ರೀಯರೇ ಹೆಚ್ಚು.

ಪೊರಕೆ

ಪೊರಕೆ, ಕಸಬರಿಗೆ, ಹಿಡಿಸೂಡಿ ಎಂದು ಯಾವ ಹೆಸರಿನಿಂದ ಕರೆದರೂ ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಗಿಡ್ಡ ಹಿಡಿಯದು. ಅದನ್ನು ಹಿಡಿದು ಗುಡಿಸಲು ಸೊಂಟ ಬಾಗಿಸದೆ ವಿಧಿಯಿಲ್ಲ. ಆದಕಾರಣ ಮೊದಲು ಬದಲಾಯಿಸತಕ್ಕ ಸಾಧನ ಇದೇ.

ಹೊಸ ಪೊರಕೆ ಕೊಳ್ಳಬೇಕೆಂಬ ನಿಯಮವಿಲ್ಲ. ನೇರವಾದ, ಹಗುರವಾದ ಒಣ ಬಿದಿರು ಕೋಲೊಂದನ್ನು ಆರಿಸಿ, ಗೆಣ್ಣುಗಳನ್ನು ಹೆರೆದು ನುಣುಪು ಮಾಡಿರಿ. ಕೋಲಿನ ತುದಿಯನ್ನು ಪೊರಕೆಯ ಹಿಡಿಯೊಳಗೆ ಸುಮಾರು ಅರ್ಧ ಅಡಿ ತೂರಿಸಿ, ಎರಡು ಕಡೆ ಹುರಿ ಅಥವಾ ತಂತಿಯಿಂದ ಬಿಗಿದು ಕಟ್ಟಿರಿ. ತಂತಿಯ ಮೊನೆ ಹೊರಗೆ ಚಾಚದಂತೆ ಒಳಕ್ಕೆ ಮಡಿಸಿರಿ. ಕೋಲಿನ ದಪ್ಪ ಹೆಬ್ಬೆರಳೂ ತೋರುಬೆರಳೂ ಸುತ್ತಿ ಕೂಡುವಷ್ಟಿದ್ದರೆ ಸಾಕು.

ಅಳತೆಯನ್ನು ಗುಡಿಸುವವರ ಮೈಗೆ ಹೊಂದಿಸಿ ತೆಗೆದುಕೊಳ್ಳತಕ್ಕದ್ದು. ಪೊರಕೆಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿದಾಗ ಕೋಲಿನ ಮೇಲ್ತುದಿ ಭುಜಕ್ಕೂ ಗದ್ದಕ್ಕೂ ನಡುವೆ ಬರಬೇಕು. ಗುಡಿಸುವಾಗ ಒಂದು ಕಾಲನ್ನು ತುಸು ಮುಂದಿಟ್ಟು, ಪೊರಕೆಯೊಡನೆ ಹೆಜ್ಜೆ ಹಾಕುತ್ತ ಸಾಗಿರಿ. ನಿಂತಲ್ಲೇ ನಿಂತು ಸೊಂಟವನ್ನು ತಿರುಚಿ ದೂರದ ಕಸವನ್ನು ಎಳೆದುಕೊಳ್ಳಬೇಡಿರಿ. ಅಂಗಳಕ್ಕೆ ಸಗಣಿ ನೀರು ಎರಚಿ ಬಳಿಯುವುದಕ್ಕೂ ಇಂತಹ ಉದ್ದ ಹಿಡಿಯ ಕಡ್ಡಿ ಪೊರಕೆ ಅನುಕೂಲ.

ಕಸ ತೆಗೆಯುವ ಮೊರ

ನಿಂತು ಗುಡಿಸಿದರೂ ಕಸ ತುಂಬಲು ಮತ್ತೆ ಮತ್ತೆ ಬಾಗಿದರೆ ಅರ್ಧ ಪ್ರಯೋಜನ ಕೈತಪ್ಪುತ್ತದೆ. ಹಳೆಯ ಎಣ್ಣೆ ಡಬ್ಬಿಯ ತಗಡನ್ನು ಮೊರದಾಕಾರಕ್ಕೆ ಕತ್ತರಿಸಿ, ಅಂಚುಗಳನ್ನು ಮಡಿಸಿ ಬಡಿದು, ಹಿಂಬದಿಗೆ ಸೊಂಟದೆತ್ತರದ ಕೋಲನ್ನು ಜೋಡಿಸಿರಿ. ಕಸವನ್ನು ಬಾಗಿಲ ಬಳಿ ಒಂದೇ ಕಡೆ ಗುಡ್ಡೆ ಮಾಡಿ ಒಮ್ಮೆಗೇ ತೆಗೆಯುವುದು ಉತ್ತಮ.

ನೆಲ ಒರೆಸುವ ಕೋಲು

ಗಾರೆ, ಕಲ್ಲು ಅಥವಾ ಸಿಮೆಂಟಿನ ನೆಲವಿದ್ದಲ್ಲಿ ಅಡ್ಡಪಟ್ಟಿಯಿರುವ ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ ನಿಂತೇ ಒರೆಸಬಹುದು. ದಪ್ಪ ಗೋಣಿಬಟ್ಟೆ ನೀರು ಹೀರಿ ಬಲು ಭಾರವಾಗುತ್ತದೆ, ಹಿಂಡುವುದೂ ಕಷ್ಟ. ಹಳೆಯ ಸೀರೆ ಅಥವಾ ಪಂಚೆಯಂತಹ ತೆಳು ಹತ್ತಿಬಟ್ಟೆಯೇ ಮೇಲು. ಬಟ್ಟೆ ಹಿಂಡುವಾಗ ಬಕೆಟ್ಟನ್ನು ನೆಲದ ಮೇಲಿಡದೆ ಜಗಲಿಯ ಮೇಲೋ ಗಟ್ಟಿಯಾದ ಸ್ಟೂಲಿನ ಮೇಲೋ ಇರಿಸಿಕೊಳ್ಳಿರಿ.

ಮಣ್ಣಿನ ನೆಲವನ್ನು ಕೈಯಿಂದಲೇ ಸಾರಿಸಬೇಕಾದಲ್ಲಿ ನಿಂತು ಬಾಗಬೇಡಿರಿ. ಮಡಿಸಿದ ಗೋಣಿಚೀಲದ ಮೇಲೆ ಮಂಡಿಯೂರಿ, ಒಂದು ಕೈಯನ್ನು ನೆಲಕ್ಕೂರಿ ಸಾರಿಸಿರಿ. ಇಡೀ ಮನೆಯನ್ನು ಒಂದೇ ದಿನ ಸಾರಿಸದೆ ದಿನಕ್ಕೊಂದು ಅಂಕಣದಂತೆ ಹಂಚಿಕೊಳ್ಳಿರಿ.

ಬಕೆಟ್ಟು ಮತ್ತು ಬುಟ್ಟಿ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. 15 ಲೀಟರ್ ನೀರು ತುಂಬಿದ ಬಕೆಟ್ಟನ್ನು ಎತ್ತಿದರೆ 15 ಕಿಲೋಗ್ರಾಂಗಿಂತಲೂ ಹೆಚ್ಚು ಭಾರ ಒಂದೇ ಪಕ್ಕಕ್ಕೆ ಬೀಳುತ್ತದೆ. ಅದರ ಬದಲು 7 ಅಥವಾ 8 ಲೀಟರಿನ ಎರಡು ಸಣ್ಣ ಬಕೆಟ್ಟುಗಳನ್ನು ಎರಡೂ ಕೈಗಳಲ್ಲಿ ಹಿಡಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ನೋವು ಹೆಚ್ಚಿರುವಾಗ ಅದನ್ನೂ ಅರ್ಧ ತುಂಬಿಸಿ ಎರಡು ಸಲ ನಡೆಯುವುದು ಲೇಸು. ಎತ್ತುವಾಗ ಬಕೆಟ್ಟಿನ ಹತ್ತಿರಕ್ಕೆ ಬಂದು, ಮಂಡಿಗಳನ್ನು ಮಡಿಸಿ, ಭಾರವನ್ನು ಮೈಗೆ ಸಮೀಪವಾಗಿ ಹಿಡಿದು ಕಾಲುಗಳ ಬಲದಿಂದ ಏಳಬೇಕು.

ಕೊಟ್ಟಿಗೆಯ ಸಗಣಿ ಬಾಚಲು ಉದ್ದ ಹಿಡಿಯ ಸಲಿಕೆಯನ್ನು ಬಳಸಿರಿ. ತುಂಬಿದ ಬುಟ್ಟಿಯನ್ನು ಬೇರೊಬ್ಬರು ತಲೆಗೇರಿಸಬೇಕಾದರೆ ಅದು ನಿಮಗೆ ಮಿತಿಮೀರಿದ ಭಾರವೆಂದೇ ತಿಳಿಯಿರಿ. ತಿಪ್ಪೆ ದೂರವಿದ್ದರೆ ತಳ್ಳುಗಾಡಿ ಒಳ್ಳೆಯದು.

ಪಾತ್ರೆ ಮತ್ತು ಬಟ್ಟೆಯ ಕಟ್ಟೆ

ಒಗೆಯುವ ಕಲ್ಲನ್ನು ನೆಲಮಟ್ಟದಲ್ಲಿ ಹಾಕುವ ಬದಲು ಇಟ್ಟಿಗೆ ಅಥವಾ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿರಿ. ನೆಟ್ಟಗೆ ನಿಂತು ಮೊಣಕೈ ಮಡಿಸಿರಿ; ಕಟ್ಟೆಯ ಮೇಲ್ಭಾಗ ಮೊಣಕೈಗಿಂತ ಐದಾರು ಅಂಗುಲ ಕೆಳಗಿರಲಿ. ಪಾತ್ರೆ ಬೆಳಗುವುದಕ್ಕೂ ಇದೇ ಎತ್ತರ ಸರಿಹೊಂದುತ್ತದೆ. ಬಹಳ ಹೊತ್ತು ನಿಲ್ಲಬೇಕಾದಾಗ ಒಂದೊಂದೇ ಕಾಲನ್ನು ಸರದಿಯಂತೆ ಗಿಡ್ಡ ಮಣೆಯ ಮೇಲಿಟ್ಟರೆ ಸೊಂಟಕ್ಕೆ ಆರಾಮ ದೊರೆಯುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ

ಸಂತೆಯಲ್ಲಾಗಲಿ ಅಂಗಡಿಯಲ್ಲಾಗಲಿ, ಬಣ್ಣ ನೋಡಿ ಮರುಳಾಗದೆ ಇವನ್ನು ಪರೀಕ್ಷಿಸಿರಿ:

1. ನೆಟ್ಟಗೆ ನಿಂತು ಹಿಡಿದಾಗ ಸಾಧನದ ತುದಿ ನೆಲವನ್ನು ಮುಟ್ಟುವುದೇ?
2. ಒಂದೇ ಕೈಯಲ್ಲಿ ಆಯಾಸವಿಲ್ಲದೆ ಎತ್ತಬಹುದೇ? ನೆನೆದ ಮೇಲೆ ತೂಕ ಹೆಚ್ಚುವುದನ್ನು ಮರೆಯಬೇಡಿರಿ.
3. ಹಿಡಿ ಜಾರದಂತಿದೆಯೇ? ಅಲುಗಾಡುವುದೇ?
4. ಬಟ್ಟೆ ಅಥವಾ ಪೊರಕೆ ಸವೆದಾಗ ಅದನ್ನಷ್ಟೇ ಬದಲಿಸಲು ಬರುವುದೇ?

ಕೊಳ್ಳಲು ಹೋಗುವಾಗ ಅದನ್ನು ಬಳಸುವವರೇ ಜೊತೆಯಲ್ಲಿರುವುದು ಅವಶ್ಯಕ. ಗಂಡನ ಎತ್ತರಕ್ಕೆ ಸರಿಯಾದ ಕೋಲು ಹೆಂಡತಿಗೆ ಸರಿಹೋಗದಿರಬಹುದು.

ಮನೆಯವರ ಹೊಣೆ

ನಿಂತು ಗುಡಿಸುವುದು, ಕುಳಿತು ತರಕಾರಿ ಹೆಚ್ಚುವುದು ಸೋಮಾರಿತನವೆಂದು ಕೆಲವರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಉಳುವವನು ತನ್ನ ನೇಗಿಲಿನ ಮೇಳಿಯನ್ನು ತನ್ನ ಎತ್ತರಕ್ಕೆ ಹೊಂದಿಸಿಕೊಳ್ಳುತ್ತಾನೆ. ಅದನ್ನು ಯಾರೂ ಸೋಮಾರಿತನವೆನ್ನುವುದಿಲ್ಲ. ಪೊರಕೆಗೂ ಅದೇ ನ್ಯಾಯ ಸಲ್ಲತಕ್ಕದ್ದು. ಅತ್ತೆಯವರು ಈ ಮಾತನ್ನು ಎತ್ತಿ ಹಿಡಿದರೆ ಸೊಸೆಗೆ ಅರ್ಧ ನೋವು ಕಳೆದಂತೆ.

ಪತಿಯಾದವನು ಕೋಲು ಕಟ್ಟಿಕೊಟ್ಟು ಸುಮ್ಮನಾಗಬಾರದು. ನೀರು ಹೊರುವುದು, ಕೊಟ್ಟಿಗೆ ಬಾಚುವುದು, ಅಟ್ಟದ ಧೂಳು ತೆಗೆಯುವುದು ಮುಂತಾದ ಭಾರದ ಕೆಲಸಗಳನ್ನು ತಾನು ವಹಿಸಿಕೊಳ್ಳಬೇಕು. ಪತ್ನಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದ್ದಲ್ಲಿ ಕನಿಷ್ಠ ಒಂದು ವಾರ ಆಕೆ ಭಾರ ಎತ್ತದಂತೆ ನೋಡಿಕೊಳ್ಳಿರಿ. ಹೊಟ್ಟೆ ಕೊಯ್ದು ಹೆರಿಗೆಯಾಗಿದ್ದರೆ ಸುಮಾರು ಆರು ವಾರಗಳ ಕಾಲ ಮಗುವಿಗಿಂತ ಭಾರವಾದುದನ್ನು ಎತ್ತಬಾರದು.

ಯಾವಾಗ ವೈದ್ಯರನ್ನು ಕಾಣಬೇಕು?

ಬಹುಪಾಲು ಸೊಂಟನೋವು ಅಪಾಯಕಾರಿಯಲ್ಲ. ಹಾಸಿಗೆ ಹಿಡಿದು ದಿನಗಟ್ಟಲೆ ಮಲಗುವುದರಿಂದ ಸ್ನಾಯುಗಳು ದುರ್ಬಲಗೊಳ್ಳುತ್ತವೆ. ಸಹಿಸುವಷ್ಟು ನಡೆದಾಡುತ್ತ ಹಗುರವಾದ ಕೆಲಸ ಮಾಡಿಕೊಂಡಿರುವುದೇ ಒಳಿತು. ಆದರೆ ನೋವಿನೊಡನೆ ಜ್ವರ ಬಂದರೆ, ತೂಕ ಇಳಿಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಬಿದ್ದು ಪೆಟ್ಟಾಗಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿರಿ. ಕಾಲುಗಳಲ್ಲಿ ಬಲ ಕುಂದಿದರೆ, ತೊಡೆಸಂದಿಯ ಸುತ್ತ ಸ್ಪರ್ಶಜ್ಞಾನ ತಪ್ಪಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ ಕೆಲವು ವಾರಗಳಾದರೂ ನೋವು ಕಡಿಮೆಯಾಗದಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಭೇಟಿ ಕೊಡಿರಿ.

ದಂಪತಿಗಳೇ, ಇಂದೇ ನಿಮ್ಮ ಮನೆಯ ಪೊರಕೆಯನ್ನು ಕೈಗೆತ್ತಿಕೊಂಡು ಅಳೆದು ನೋಡಿರಿ. ಅದು ಸೊಂಟದ ಮಟ್ಟಕ್ಕೂ ಬಾರದಿದ್ದರೆ ಒಂದು ಬಿದಿರು ಕೋಲು, ಒಂದು ಮಾರು ಹುರಿ ಮತ್ತು ಅರ್ಧ ಗಂಟೆಯ ಬಿಡುವು ಇಷ್ಟನ್ನು ಒದಗಿಸಿಕೊಳ್ಳಿರಿ. ನಾಳೆ ಬೆಳಗ್ಗೆ ಅಂಗಳ ಗುಡಿಸುವವರು ನೆಟ್ಟಗೆ ನಿಂತು ಗುಡಿಸಲಿ.