ಬಾಣಂತಿ ಭಾರ ಎತ್ತಬಾರದಾ?

ಹೋದ ಸೆಮಿಸ್ಟರ್ ರಜೆ ಮುಗಿಸಿ ಹಾಸ್ಟೆಲ್‌ಗೆ ವಾಪಸ್ ಬಂದ ದಿನ ನಮ್ಮ ರೂಮಿನಲ್ಲಿ ರಿಸಲ್ಟ್ ಬಗ್ಗೆ ಮಾತೇ ಬರಲಿಲ್ಲ. ನಾವು ಮೂವರು ಬೆಳಿಗ್ಗೆ ಆರು ಗಂಟೆಯ ಹುಡುಗಿಯರ ಸ್ಲಾಟ್‌ನಲ್ಲಿ ಕ್ಯಾಂಪಸ್ ಜಿಮ್‌ಗೆ ಹೋಗೋರು. ನಮ್ಮಲ್ಲೊಬ್ಬಳ ಅಕ್ಕ ಮೊದಲ ಹೆರಿಗೆಗೆ ಅಂತ ಹಾವೇರಿ ಕಡೆಯ ತವರಿಗೆ ಬಂದಿದ್ದಳು. ಮಗುವಿಗೆ ಆಗ ಎರಡು ತಿಂಗಳು. ತಂಗಿ ಜಿಮ್‌ಗೆ ಹೋಗ್ತಾಳೆ ಅಂತ ಗೊತ್ತಿದ್ದಕ್ಕೋ ಏನೋ, ಒಂದು ರಾತ್ರಿ ಅಕ್ಕ ಮೆಲ್ಲಗೆ ಹೇಳಿದಳಂತೆ: “ಕೆಮ್ಮಿದ್ರ ಸಾಕು, ಒದ್ದಿ ಆಗ್ತೈತಿ. ಯಾರಿಗ್ ಹೇಳ್ಲಿ?” ಅವ್ವನಿಗೆ ಹೇಳಿದ್ದಕ್ಕೆ ಬಂದ ಉತ್ತರ, “ಎಲ್ಲಾರಿಗೂ ಹಂಗ ಆಗ್ತೈತಿ, ಸುಮ್ನ ಮಲ್ಕೊ.”

ಸ್ಕ್ವಾಟ್, ಡೆಡ್‌ಲಿಫ್ಟ್, ಪ್ರೋಟೀನ್ ಅಂತ ದಿನಾ ಮಾತಾಡೋ ನಮಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿದೆವು, ಫಿಸಿಯೋಥೆರಪಿ ಓದ್ತಿರೋ ಗೆಳತಿಯನ್ನ ಕೇಳಿದೆವು. ಅಕ್ಕನ ಒಪ್ಪಿಗೆ ತಗೊಂಡೇ ಇದನ್ನ ಬರೀತಿದ್ದೀವಿ. ಹುಡುಗರೇ, ಇದು ನಮಗಲ್ಲ ಅಂತ ಮುಂದಕ್ಕೆ ಸ್ಕ್ರೋಲ್ ಮಾಡಬೇಡಿ. ನಿಮ್ಮ ಮನೆಯಲ್ಲೂ ಅಕ್ಕ, ಅತ್ತಿಗೆ, ಅಮ್ಮ ಇದ್ದಾರೆ.

ಮೊದಲು ಮೆಕ್ಯಾನಿಕ್ಸ್. ಹೊಟ್ಟೆಯನ್ನ ಒಂದು ಪ್ರೆಷರ್ ವೆಸೆಲ್ ಅಂದ್ಕೊಳ್ಳಿ. ಮೇಲಿನ ಮುಚ್ಚಳ ವಪೆ, ಅಂದ್ರೆ ಡಯಾಫ್ರಮ್. ಸುತ್ತಲಿನ ಗೋಡೆ ಹೊಟ್ಟೆಯ ಸ್ನಾಯುಗಳು. ಹಿಂದೆ ಬೆನ್ನುಮೂಳೆ ಮತ್ತು ಅದಕ್ಕೆ ಅಂಟಿಕೊಂಡಿರೋ ಸ್ನಾಯುಗಳು. ತಳದಲ್ಲಿರೋದು ಪೆಲ್ವಿಕ್ ಫ್ಲೋರ್. ಸೊಂಟದ ಮೂಳೆಗಳ ಬಟ್ಟಲಿನ ತಳಕ್ಕೆ ತೊಟ್ಟಿಲ ಬಟ್ಟೆಯ ಹಾಗೆ ಕಟ್ಟಿರೋ ಸ್ನಾಯುಗಳ ಪದರ ಅದು. ಮೂತ್ರಕೋಶ, ಗರ್ಭಕೋಶ, ಗುದನಾಳ ಎಲ್ಲಕ್ಕೂ ಕೆಳಗಿನಿಂದ ಆಧಾರ ಅದೇ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಒಳಗಿನ ಒತ್ತಡ ಒಮ್ಮೆಲೇ ಏರುತ್ತೆ. ತಳ ಗಟ್ಟಿಯಾಗಿದ್ದರೆ ತಡೆಯುತ್ತೆ, ಸಡಿಲ ಆಗಿದ್ದರೆ ಸೋರುತ್ತೆ. ಅಕ್ಕನಿಗೆ ಆಗ್ತಿದ್ದಿದ್ದು ಇಷ್ಟೇ.

ಒಂಬತ್ತು ತಿಂಗಳು ಆ ವೆಸೆಲ್‌ನಲ್ಲಿ ಏನೇನು ಬದಲಾಗುತ್ತೆ ನೋಡಿ. ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತೆ. ಹಾರ್ಮೋನುಗಳಿಂದ ಕೀಲುಗಳ ಕಟ್ಟು ಸ್ವಲ್ಪ ಸಡಿಲ ಆಗುತ್ತೆ. ಸಿಕ್ಸ್ ಪ್ಯಾಕ್ ಅಂತೀವಲ್ಲ, ಆ ಸ್ನಾಯುವಿನ ಎಡ ಬಲ ಭಾಗಗಳ ನಡುವೆ ಲೀನಿಯಾ ಆಲ್ಬಾ ಅನ್ನೋ ಪಟ್ಟಿ ಇದೆ. ಅದು ಹಿಗ್ಗಿ ಅಗಲ ಆಗುತ್ತೆ, ಕೊನೆಯ ವಾರಗಳಲ್ಲಂತೂ ಹೆಚ್ಚುಕಡಿಮೆ ಎಲ್ಲರಿಗೂ. ಭಾರ ಮುಂದಕ್ಕೆ ಬರೋದರಿಂದ ಕೆಳಬೆನ್ನಿನ ಮೇಲೆ ಬೆಂಡಿಂಗ್ ಮೊಮೆಂಟ್ ಹೆಚ್ಚುತ್ತೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದ್ತಿರೋರಿಗೆ ಇಲ್ಲೊಂದು ಮಜಾ ವಿಷಯ: 2007ರಲ್ಲಿ ಕ್ಯಾಥರೀನ್ ವಿಟ್‌ಕಮ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ ಪ್ರಕಾರ, ಕೆಳಬೆನ್ನಿನಲ್ಲಿ ಬೆಣೆಯಾಕಾರದ ಕಶೇರುಗಳು ಗಂಡಸರಲ್ಲಿ ಎರಡು, ಹೆಂಗಸರಲ್ಲಿ ಮೂರು. ಬಸಿರಿಯ ಬೆನ್ನು ಬಾಗಿದಾಗ ಲೋಡ್ ಒಂದೇ ಕಡೆ ಬೀಳದೆ ಹಂಚಿಹೋಗಲಿ ಅಂತ ವಿಕಾಸವೇ ಮಾಡಿಕೊಂಡಿರೋ ಡಿಸೈನ್. ನಮ್ಮ ಸಿಲಬಸ್‌ನಲ್ಲಿ ಇಂಥ ಉದಾಹರಣೆ ಯಾಕಿಲ್ಲವೋ!

ಹಾಗಾದ್ರೆ ಬಸುರಿಯಲ್ಲಿ ವ್ಯಾಯಾಮ ಮಾಡಬಹುದಾ? ಡಾಕ್ಟರುಗಳೂ ಒಂದು ಕಾಲದಲ್ಲಿ ಹೆದರುತ್ತಿದ್ದರು. ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ 1985ರಲ್ಲಿ ಕೊಟ್ಟ ಸೂಚನೆ ಪ್ರಕಾರ ಎದೆಬಡಿತ ನಿಮಿಷಕ್ಕೆ 140 ದಾಟಬಾರದು, ಜೋರಾದ ವ್ಯಾಯಾಮ 15 ನಿಮಿಷಕ್ಕಿಂತ ಹೆಚ್ಚಿರಬಾರದು. 1994ರಲ್ಲಿ ಅದೇ ಸಂಘಟನೆ ಆ 140ರ ಮಿತಿ ಕೈಬಿಟ್ಟಿತು. ಆದರೂ ಆ ಸಂಖ್ಯೆ ಇವತ್ತಿಗೂ ಜಿಮ್‌ಗಳಲ್ಲಿ ಓಡಾಡ್ತಾನೇ ಇದೆ. 2020ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳೋದು, ವೈದ್ಯಕೀಯ ತೊಂದರೆ ಇಲ್ಲದ ಗರ್ಭಿಣಿಯರು ಮತ್ತು ಬಾಣಂತಿಯರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ ಮಾಡಲಿ, ಅದರಲ್ಲಿ ಸ್ನಾಯು ಗಟ್ಟಿಮಾಡೋ ವ್ಯಾಯಾಮವೂ ಇರಲಿ ಅಂತ. ಮಧ್ಯಮ ಅಂದ್ರೆ ಎಷ್ಟು? ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಸ್ಮಾರ್ಟ್‌ವಾಚ್ ಬೇಕಿಲ್ಲ.

ಆದರೆ ನಮ್ಮ ದೇಶದಲ್ಲಿ “ತೊಂದರೆ ಇಲ್ಲದ” ಅನ್ನೋ ಮಾತನ್ನ ಹಾರಿಸಿ ಓದೋ ಹಾಗಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದು ತೀವ್ರವಾಗಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ವ್ಯಾಯಾಮ. ಬಿಪಿ ಏರಿದ್ದರೆ, ಮಾಸು ಕೆಳಗಿದ್ದರೆ, ಗರ್ಭಕೋಶದ ಬಾಯಿ ದುರ್ಬಲ ಅಂತ ಡಾಕ್ಟರ್ ಹೇಳಿದ್ದರೆ ಅವರ ಮಾತೇ ಕೊನೆ. ವ್ಯಾಯಾಮ ಮಾಡ್ತಿರುವಾಗ ರಕ್ತ ಅಥವಾ ನೀರು ಹೋದರೆ, ತಲೆ ಸುತ್ತಿದರೆ, ಎದೆ ನೋವು ಬಂದರೆ, ಹೊಟ್ಟೆ ಬಿಟ್ಟು ಬಿಟ್ಟು ಹಿಡ್ಕೊಂಡರೆ, ಒಂದು ಕಾಲಿನ ಮೀನಖಂಡ ಊದಿ ನೋವಾದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಉಳಿದವರಿಗೆ ಏನು ಅಂತ ಕೇಳಿದರೆ, ದೊಡ್ಡ ಸಲಕರಣೆ ಏನೂ ಬೇಡ. ಕುರ್ಚಿಯ ಮೇಲೆ ಕೂತು ಏಳೋದು ಸ್ಕ್ವಾಟ್. ಗೋಡೆಗೆ ಕೈಕೊಟ್ಟು ಮಾಡೋದು ಪುಷ್‌ಅಪ್. ಎರಡೂ ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಡೆಯೋದು ಕ್ಯಾರಿ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯದೆ ಹೊರಗೆ ಬಿಡಬೇಕು. ಮೊದಲ ಮೂರು ತಿಂಗಳು ಕಳೆದ ಮೇಲೆ ತುಂಬಾ ಹೊತ್ತು ಅಂಗಾತ ಮಲಗಿ ಮಾಡೋ ವ್ಯಾಯಾಮ ಬೇಡ. ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ವಾಪಸ್ ತರೋ ದೊಡ್ಡ ರಕ್ತನಾಳವನ್ನ ಅಮುಕುತ್ತೆ. ಬೀಳೋ ಅಪಾಯ ಇರೋ ಆಟಗಳೂ ಬೇಡ.

ಈಗ ಬಾಣಂತನ. ನಮ್ಮ ಕಡೆಯ ಬಾಣಂತನವನ್ನ ಪೂರ್ತಿ ಮೂಢನಂಬಿಕೆ ಅಂತ ಹೇಳೋದು ನಮಗೆ ಇಷ್ಟವಿಲ್ಲ. ಅಂಟಿನ ಉಂಡೆ, ಬಿಸಿನೀರ ಸ್ನಾನ, ಮನೆಗೆಲಸದಿಂದ ಬಿಡುವು, ಮಗು ಎತ್ತಿಕೊಳ್ಳೋಕೆ ನಾಲ್ಕು ಕೈಗಳು, ಇದೆಲ್ಲ ಇರೋ ಹೆಣ್ಣುಮಗಳು ಪುಣ್ಯವಂತೆ. ನಮ್ಮ ತಕರಾರು ಎರಡೇ ವಿಷಯಕ್ಕೆ.

ಒಂದು, ಮಂಚ ಬಿಟ್ಟು ಏಳಬೇಡ ಅನ್ನೋದು. ಹೆರಿಗೆಯ ನಂತರದ ಆರು ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಮಾಮೂಲಿಗಿಂತ ಹೆಚ್ಚು. ಅಲುಗಾಡದೆ ಮಲಗಿದರೆ ಅದು ಇನ್ನೂ ಹೆಚ್ಚುತ್ತೆ. ಅದಕ್ಕೇ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಆದವರನ್ನೂ ಬೇಗನೆ ಎಬ್ಬಿಸಿ ನಡೆಸೋದು. ಎರಡು, ಸೀರೆಯಿಂದ ಹೊಟ್ಟೆ ಬಿಗಿಯಾಗಿ ಕಟ್ಟೋದು. ಹಗುರಾಗಿ ಕಟ್ಟಿದರೆ ಆಧಾರ, ನೋವೂ ಸ್ವಲ್ಪ ಕಡಿಮೆ ಅನ್ಸುತ್ತೆ. ಉಸಿರಾಡೋಕೆ ಕಷ್ಟ ಆಗೋಷ್ಟು ಬಿಗಿದರೆ? ಮತ್ತೆ ಪ್ರೆಷರ್ ವೆಸೆಲ್‌ಗೆ ಬನ್ನಿ. ಗೋಡೆಯನ್ನ ಹೊರಗಿನಿಂದ ಒತ್ತಿದರೆ ಒತ್ತಡ ತಳಕ್ಕೆ ಹೋಗುತ್ತೆ. ಹೊಟ್ಟೆ ಕರಗಬೇಕು ಅಂತ ಕಟ್ಟಿದ್ದು, ಆಗಲೇ ಸೋತಿರೋ ಸ್ನಾಯುವಿನ ಮೇಲೆ ಬೀಳುತ್ತೆ.

ಆ ಸ್ನಾಯುವಿಗೆ ವ್ಯಾಯಾಮ ಇದೆ ಅಂತ ಹೇಳಿದವರು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್, 1948ರಲ್ಲಿ. ಅವರ ಲೇಖನದ ಶೀರ್ಷಿಕೆಯಲ್ಲೇ ‘ಪ್ರೋಗ್ರೆಸಿವ್ ರೆಸಿಸ್ಟನ್ಸ್ ಎಕ್ಸರ್‌ಸೈಜ್’ ಅನ್ನೋ ಮಾತಿದೆ. ಅದಕ್ಕೆ ಮೂರು ವರ್ಷ ಹಿಂದೆ ಥಾಮಸ್ ಡಿಲಾರ್ಮ್ ಅನ್ನೋ ಸೇನಾ ವೈದ್ಯರು ಗಾಯಗೊಂಡ ಸೈನಿಕರಿಗೆ ಭಾರ ಎತ್ತಿಸಿ ಸ್ನಾಯು ಬಲ ವಾಪಸ್ ತಂದದ್ದರ ಬಗ್ಗೆ ಬರೆದಿದ್ದರು. ನಾವು ಜಿಮ್‌ನಲ್ಲಿ ಸೆಟ್, ರೆಪ್ ಅಂತ ಎಣಿಸೋದರ ಮೂಲದಲ್ಲಿ ಇವರ ಕೆಲಸವೂ ಇದೆ. ಕೀಗಲ್ ಒಂದು ಒತ್ತಡಮಾಪಕವನ್ನೂ ಮಾಡಿದ್ದರು. ಸ್ನಾಯು ಬಿಗಿಹಿಡಿದಾಗ ಮುಳ್ಳು ಏರೋದು ಹೆಂಗಸರಿಗೆ ಕಣ್ಣಿಗೇ ಕಾಣ್ತಿತ್ತು. ಫೀಡ್‌ಬ್ಯಾಕ್ ಲೂಪ್ ಅಂದ್ರೆ ಇದೇ ತಾನೇ?

ಮಾಡೋದು ಹೀಗೆ. ಮೂತ್ರ ಮತ್ತು ಗಾಳಿ ಎರಡನ್ನೂ ಒಟ್ಟಿಗೆ ತಡೆಯೋ ಹಾಗೆ ಒಳಗೆ, ಮೇಲಕ್ಕೆ ಎಳ್ಕೊಂಡು ಕೆಲವು ಸೆಕೆಂಡ್ ಹಿಡೀಬೇಕು. ಉಸಿರು ಆಡ್ತಿರಬೇಕು, ತೊಡೆ ಮತ್ತು ಪಿರ್ರೆ ಬಿಗಿಯಬಾರದು. ಆಮೇಲೆ ಪೂರ್ತಿ ಸಡಿಲ ಬಿಡಬೇಕು. ಹಿಡಿಯೋದರಷ್ಟೇ ಬಿಡೋದೂ ಮುಖ್ಯ. ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಬಸುರಿಯಲ್ಲೇ ಶುರುಮಾಡಿದರೆ ಇನ್ನೂ ಒಳ್ಳೆಯದು. ನಿಜವಾಗಿ ಮೂತ್ರ ಮಾಡುವಾಗ ಅದನ್ನ ನಿಲ್ಲಿಸಿ ಅಭ್ಯಾಸ ಮಾಡಬಾರದು. ಕೆಳಗೆ ಏನೋ ಜಾರಿದ ಹಾಗೆ ಭಾರ ಅನ್ನಿಸಿದರೆ, ಸೋರೋದು ಕಡಿಮೆಯಾಗದಿದ್ದರೆ ಡಾಕ್ಟರ್‌ಗೆ ತೋರಿಸಬೇಕು. ಇದನ್ನೇ ಕಲಿತ ಫಿಸಿಯೋಥೆರಪಿಸ್ಟ್‌ಗಳೂ ಇದ್ದಾರೆ.

ಇದರ ಜೊತೆ ಮೊದಲ ವಾರಗಳಲ್ಲಿ ಮನೆಯೊಳಗೆ ಸಣ್ಣ ನಡಿಗೆ, ಆಮೇಲೆ ಕುರ್ಚಿ ಸ್ಕ್ವಾಟ್, ಆಮೇಲೆ ನಿಧಾನಕ್ಕೆ ಭಾರ. ಸಿಸೇರಿಯನ್ ಆದವರು ಪಕ್ಕಕ್ಕೆ ಹೊರಳಿ ಕೈ ಊರಿ ಏಳಬೇಕು. ಚರ್ಮದ ಮೇಲಿನ ಗಾಯ ಬೇಗ ಒಣಗಿದರೂ ಒಳಗಿನ ಪದರಗಳು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಓಟ, ಜಿಗಿತ ಮೂರು ತಿಂಗಳವರೆಗಾದರೂ ಬೇಡ. ಮೇರಿ ಕೋಮ್ 2007ರಲ್ಲಿ ಅವಳಿ ಮಕ್ಕಳನ್ನ ಹೆತ್ತು 2008ರಲ್ಲಿ ವಿಶ್ವ ಚಾಂಪಿಯನ್ ಆದರು ನಿಜ. ಆ ಹೋಲಿಕೆಯನ್ನ ಬಾಣಂತಿ ಮುಂದೆ ಮಾತ್ರ ತರಬೇಡಿ.

ಭಾರ ಎತ್ತಬಾರದು ಅಂತ ಎಲ್ಲರೂ ಹೇಳ್ತಾರಲ್ಲ, ಅಲ್ಲೊಂದು ತಮಾಷೆ ಇದೆ. ಹುಟ್ಟಿದಾಗ ಮೂರು ಕಿಲೋ ಇರೋ ಮಗು ಐದು ತಿಂಗಳಿಗೆ ಸುಮಾರು ಆರು, ವರ್ಷಕ್ಕೆ ಒಂಬತ್ತು ಕಿಲೋ ಆಗುತ್ತೆ. ನೆಲದ ಹಾಸಿಗೆಯಿಂದ, ತೊಟ್ಟಿಲಿನಿಂದ ಅದನ್ನ ದಿನಕ್ಕೆ ಎಷ್ಟು ಸಲ ಎತ್ತಿ ಇಳಿಸ್ತಾರೆ ಅಂತ ಒಂದು ದಿನ ಎಣಿಸಿ ನೋಡಿ. ಡೆಡ್‌ಲಿಫ್ಟ್ ನಡೀತಾನೇ ಇದೆ, ವಾರ ವಾರಕ್ಕೂ ಪ್ಲೇಟ್ ಹೆಚ್ಚಾಗ್ತಿದೆ. ಅದನ್ನ ಸೊಂಟದಿಂದ ಬಾಗಿ, ಮಗುವನ್ನ ಮೈಗೆ ಹತ್ತಿರ ಇಟ್ಟುಕೊಂಡು, ಉಸಿರು ಬಿಡ್ತಾ ಎತ್ತು ಅಂತ ಹೇಳಿಕೊಟ್ಟವರು ಯಾರೂ ಇಲ್ಲ ಅಷ್ಟೇ.

ಈಗ ಮಗುವಿಗೆ ಆರು ತಿಂಗಳು. ಅಕ್ಕ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿಬಂದಳು, ದಿನಾ ಮಾಡ್ತಿದ್ದಾಳೆ. ಪೂರ್ತಿ ನಿಂತಿಲ್ಲ, ಜೋರಾಗಿ ಸೀನಿದರೆ ಮಾತ್ರ ಆಗುತ್ತಂತೆ. ಹೋದ ವಾರ ಫೋನ್‌ನಲ್ಲಿ ಇನ್ನೊಂದು ಸುದ್ದಿ ಹೇಳಿದಳು. ಪಕ್ಕದಲ್ಲಿ ಕೂತು ನೋಡ್ತಿದ್ದ ಅವ್ವ ಬಾಗಿಲು ಹಾಕ್ಕೊಂಡು ಬಂದು ಕೇಳಿದರಂತೆ, “ಅದು ಹೆಂಗ್ ಮಾಡೋದು, ನನಗೂ ಸ್ವಲ್ಪ ಹೇಳ್ಕೊಡ.” ಅವ್ವನಿಗೆ ಅದು ನಮ್ಮ ಗೆಳತಿ ಹುಟ್ಟಿದಾಗಿನಿಂದ ಇದೆ. ಅವಳಿಗೆ ಈಗ ಹತ್ತೊಂಬತ್ತು.