‘ಗುಳಿಗಿ ಮರತಾಳ’ ಅಂತ ಬೈಯುವ ಮುನ್ನ

ಸಂತೆಗೆ ಹೊರಟವರಿಗೆ ಸಾಮಾನಿನ ಪಟ್ಟಿಯನ್ನು ಬಾಯಲ್ಲೇ ಹೇಳಿ ಕಳಿಸುವುದು ಅಕ್ಕಲಕೋಟ, ಜತ್ತದ ಕಡೆಯ ಮನೆಗಳಲ್ಲಿ ಹಳೇ ರೂಢಿ. ಬೆಲ್ಲ, ಬಳ್ಳೊಳ್ಳಿ, ಹವೀಜ, ಕಡ್ಡಿಪೆಟ್ಟಿಗಿ ಅಂತ ಹನ್ನೆರಡು ಹೇಳಿ ಹತ್ತು ಬಂದರೆ ಯಾರೂ ದೊಡ್ಡದು ಮಾಡುವುದಿಲ್ಲ. ಆರೇ ಬಂದವು ಅಂದರೆ ‘ಲಕ್ಷ್ಯ ಎಲ್ಲಿಟ್ಟಿದ್ದೆವಾ?’ ಎಂಬ ಮಾತು ತಪ್ಪಿದ್ದಲ್ಲ.

ಇಂಥದೇ ಒಂದು ಪರೀಕ್ಷೆ ಡಾಕ್ಟರರ ಹತ್ತಿರವೂ ಇದೆ. 12 ಪದ ಓದಿ ಹೇಳುತ್ತಾರೆ, ನೆನಪಿದ್ದಷ್ಟು ತಿರುಗಿ ಹೇಳಬೇಕು. ಹೀಗೆ ಮೂರು ಸಲ. ಆಮೇಲೆ 20–25 ನಿಮಿಷ ಬೇರೆ ಕೆಲಸ ಕೊಟ್ಟು, ಪಟ್ಟಿ ಓದದೆಯೇ ‘ಈಗ ಹೇಳಿ ನೋಡೋಣ’ ಅನ್ನುತ್ತಾರೆ.

ಅಮೆರಿಕದಲ್ಲಿ 1993ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಎಚ್‌ಐವಿ ಇರುವ ಹೆಣ್ಣುಮಕ್ಕಳನ್ನೂ, ಅವರಂಥದೇ ಬಡತನದಲ್ಲಿ ಬದುಕುವ, ಎಚ್‌ಐವಿ ಇಲ್ಲದ ಹೆಣ್ಣುಮಕ್ಕಳನ್ನೂ ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದರು. ಆ ಅಧ್ಯಯನದೊಳಗೆ ಈ 12 ಪದಗಳ ಪರೀಕ್ಷೆಯೂ ಸೇರಿತು. ಜೊತೆಗೆ 10 ಪ್ರಶ್ನೆ: ಕಳೆದ ತಿಂಗಳು ಎಲ್ಲಾ ಕೈಮೀರಿ ಹೋಯಿತು ಅಂತ ಎಷ್ಟು ಸಲ ಅನಿಸಿತು, ಎಷ್ಟು ಸಲ ಸಿಟ್ಟು ಬಂತು, ಇಂಥವು. 2015ರಲ್ಲಿ ಲಿಯಾ ರೂಬಿನ್, ಪಾಲಿನ್ ಮಾಕಿ ಮತ್ತು ಸಂಗಡಿಗರು ಇದರ ಫಲವನ್ನು ಪ್ರಕಟಿಸಿದರು. ಎಚ್‌ಐವಿ ಇದ್ದ ಸುಮಾರು 1,000 ಮಂದಿ, ಇಲ್ಲದ ಸುಮಾರು 500 ಮಂದಿಯ ಲೆಕ್ಕ ಅದು. ಎಚ್‌ಐವಿ ಇಲ್ಲದವರಲ್ಲಿ ಚಿಂತೆ ಎಷ್ಟಿದ್ದರೂ ಪದಗಳ ನೆನಪಿನ ಮೇಲೆ ಅಂಥಾ ಪರಿಣಾಮ ಕಾಣಲಿಲ್ಲ. ಎಚ್‌ಐವಿ ಇದ್ದವರಲ್ಲಿ ಮಾತ್ರ ಚಿಂತೆ ಹೆಚ್ಚಿದ್ದಲ್ಲಿ ನೆನಪು ಕಮ್ಮಿ. ಒಂದು ಮೂಟೆ ಹೊತ್ತ ಗಾಡಿ ಹೇಗೋ ಹೋಗುತ್ತದೆ, ಎರಡು ಹೇರಿದರೆ ಕೆಸರಿನಲ್ಲಿ ಹುಗಿಯುತ್ತದೆ, ಹಾಗೆ.

ಯಾಕೆ ಹೀಗೆ? ಎಚ್‌ಐವಿ ರಕ್ತದಲ್ಲಷ್ಟೇ ಇರುವ ವೈರಸ್ ಅಲ್ಲ. ಸೋಂಕು ತಗುಲಿದ ಮೊದಲ ವಾರಗಳಲ್ಲೇ ಬಿಳಿ ರಕ್ತಕಣಗಳ ಜೊತೆ ಮಿದುಳಿಗೂ ಹೋಗುತ್ತದೆ. ಔಷಧ ತಗೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದ ಮೇಲೂ ಮಿದುಳಿನಲ್ಲಿ ಸಣ್ಣ ಉರಿಯೂತ ಉಳಿದಿರಬಹುದು. ಇನ್ನು ಚಿಂತೆಯ ಕಥೆ. ಹೊಲದಲ್ಲಿ ಕಾಡುಹಂದಿ ಎದುರಾದರೆ ಮೂತ್ರಪಿಂಡದ ಮೇಲಿನ ಗ್ರಂಥಿ ಕಾರ್ಟಿಸಾಲ್ ಎಂಬ ರಸ ಬಿಡುತ್ತದೆ. ಓಡಲಿಕ್ಕೆ ಕಸುವು ಕೊಡುವುದರಲ್ಲಿ, ಆ ಜಾಗವನ್ನು ನೆನಪಿನಲ್ಲಿ ಉಳಿಸುವುದರಲ್ಲಿ ಅದರ ಪಾತ್ರ ಇದೆ. ಹಂದಿ ಹೋದ ಮೇಲೆ ರಸ ಇಳಿಯಬೇಕು. ಆದರೆ ‘ಓಣಿಯವರಿಗೆ ಗೊತ್ತಾದರ ಹೆಂಗ’ ಎಂಬ ಅಂಜಿಕೆ ಹಂದಿಯಂತೆ ಎದ್ದು ಹೋಗುವುದಿಲ್ಲವಲ್ಲ! ತಿಂಗಳುಗಟ್ಟಲೆ ಅದೇ ಸ್ಥಿತಿ ಇದ್ದರೆ ಮಿದುಳಿನ ಎರಡು ಭಾಗ ದಣಿಯುತ್ತವೆ. ಒಂದು ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್, ಇನ್ನೊಂದು ಕೆಲಸವನ್ನು ಯೋಚಿಸಿ ಹೊಂದಿಸುವ, ಹಣೆಯ ಹಿಂದಿನ ಭಾಗ. ಎಚ್‌ಐವಿಯ ಪೆಟ್ಟು ಬೀಳುವುದೂ ಇವೇ ಜಾಗಗಳಿಗೆ. ಚಿಕಾಗೋದಲ್ಲಿ ಎಚ್‌ಐವಿ ಇರುವ 36 ಹೆಣ್ಣುಮಕ್ಕಳಿಗೆ ಪದ ನೆನಪಿಸಿಕೊಳ್ಳಲು ಹೇಳಿ, ಆ ಹೊತ್ತಿಗೇ ಸ್ಕ್ಯಾನ್ ಮಾಡಿದರು. ಚಿಂತೆ ಹೆಚ್ಚಿದ್ದವರಲ್ಲಿ ಆ ಹಣೆಯ ಹಿಂದಿನ ಭಾಗದ ಕೆಲಸವೇ ಬೇರೆ ರೀತಿ ಕಂಡಿತು.

ಇದರಿಂದ ಚಿಂತೆಯೇ ಮರೆವು ತಂದಿತು ಎಂದು ಠಸ್ಸೆ ಒತ್ತಲಿಕ್ಕೆ ಬರುವುದಿಲ್ಲ. ಮರೆವಿನಿಂದಲೇ ಚಿಂತೆ ಹೆಚ್ಚಿದ್ದೂ ಇರಬಹುದು. ಆದರೆ ಮನೆಯವರಿಗೆ ತಿಳಿಯಬೇಕಾದ್ದು ಇಷ್ಟರಲ್ಲೇ ಇದೆ. ಎರಡೂ ಒಂದನ್ನೊಂದು ಎಳೆದುಕೊಂಡು ಬರುತ್ತವೆ, ನಡುವೆ ಸಿಕ್ಕಿಕೊಳ್ಳುವುದು ಗುಳಿಗೆ.

ಭಾರತದಲ್ಲಿ 2004ರ ಏಪ್ರಿಲ್‌ನಿಂದ ಎಚ್‌ಐವಿ ಔಷಧ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಪುಕ್ಕಟೆ. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಗುಳಿಗೆ ಸಾಕು. ಆದರೆ ಒಂದೇ ಇದೆ ಅಂತ ಬಿಟ್ಟುಬಿಟ್ಟು ತಗೊಂಡರೆ ವೈರಸ್ ಮತ್ತೆ ಏರುತ್ತದೆ, ಅದೇ ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ಆಗ ಮಿದುಳಿಗೂ ಪೆಟ್ಟು. ಮನೆಯಲ್ಲಿ ಅತ್ತಿ ‘ಒಂದು ಗುಳಿಗಿ ನೆನಪಿಡಾಕ ಆಗಂಗಿಲ್ಲೇನವಾ ನಿನಗ?’ ಅಂದಳೆಂದರೆ ಸೊಸೆಯ ಚಿಂತೆಗೆ ಇನ್ನೊಂದು ಸೇರಿತು. ನಾಳೆ ಮರೆಯುವ ಸಂಭವ ಇನ್ನಷ್ಟು ಹೆಚ್ಚಿತು. ಗಂಡಸರಿಗೆ ಈ ಬೈಗುಳ ಅಷ್ಟು ಬೀಳುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಗಡಿಭಾಗದಲ್ಲಿ ಇನ್ನೂ ಎರಡು ತಾಪತ್ರಯ. ಗುರುತಿನವರು ಕಂಡಾರು ಅಂತ ಹತ್ತಿರದ ಕೇಂದ್ರ ಬಿಟ್ಟು ದೂರದ ಊರಿಗೆ ಹೋಗುವವರಿದ್ದಾರೆ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ಮನೆಯಲ್ಲಿ ಸುಳ್ಳು ಹೇಳಿದ್ದೂ ಆಯಿತು. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹೆಸರು ವರ್ಗ ಮಾಡಿಸಿಕೊಳ್ಳಬಹುದು. ಆರೋಗ್ಯ ಸ್ಥಿರವಾಗಿದ್ದವರಿಗೆ ಒಂದಕ್ಕಿಂತ ಹೆಚ್ಚು ತಿಂಗಳ ಗುಳಿಗೆ ಒಮ್ಮೆಗೇ ಕೊಡುವ ಪದ್ಧತಿಯೂ ಇದೆ, ಕೇಳಬೇಕು ಅಷ್ಟೇ. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ಸಂಗತಿ ಬಯಲು ಮಾಡುವುದಕ್ಕೆ 2017ರ ಕಾಯಿದೆ ತಡೆ ಹಾಕಿದೆ. 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ. ಫೋನಿನಲ್ಲೇ ಕೇಳಿ ತಿಳಿಯಬೇಕೆಂದರೆ 1097ಕ್ಕೆ ಪುಕ್ಕಟೆ ಕರೆ ಮಾಡಬಹುದು.

ಗುಳಿಗೆಯನ್ನು ದಿನಾ ತಪ್ಪದ ಒಂದು ಕೆಲಸಕ್ಕೆ ಗಂಟು ಹಾಕುವುದು ಹಳೇ ಉಪಾಯ, ಆದರೆ ನಡೆಯುವ ಉಪಾಯ. ರಾತ್ರಿ ಹಾಲಿಗೆ ಹೆಪ್ಪು ಹಾಕುವ ಹೊತ್ತು ಅಂತಿಟ್ಟುಕೊಳ್ಳಬಹುದು. ಮೊಬೈಲಿನ ಅಲಾರಾಂ ಇದ್ದರೆ ಇನ್ನೂ ಚಲೋ. ಮರೆವಿಗೆ ರಕ್ತ ಕಮ್ಮಿ ಇರುವುದು, ಥೈರಾಯಿಡ್, ನಿದ್ದೆಗೇಡು, ಮುಟ್ಟು ನಿಲ್ಲುವ ಕಾಲ ಕೂಡ ಕಾರಣ ಇರಬಹುದಾದ್ದರಿಂದ ಡಾಕ್ಟರರಿಗೆ ಹೇಳಿ ತೋರಿಸಬೇಕು. ಮರೆವಿನ ಜೊತೆ ಜ್ವರ, ಬಿಡದ ತಲೆನೋವು, ವಾಂತಿ, ಫಿಟ್ಸ್, ಒಂದು ಕೈಕಾಲು ಸೋತಂತಾಗುವುದು ಇದ್ದರೆ ಮಾತ್ರ ಚಿಂತೆ ಅಂತ ಕೂರಬಾರದು. ಅವತ್ತೇ ದವಾಖಾನೆಗೆ ಹೋಗಬೇಕು.

ಎರಡನೇ ತಾಪತ್ರಯ ಭಾಷೆಯದು. ಸೊಲ್ಲಾಪುರ ಕಡೆ ಸಲಹೆ ಹೇಳುವವರ ಮಾತು ಮರಾಠಿ, ರಾಯದುರ್ಗ ಕಡೆ ತೆಲುಗು. ವ್ಯಾಪಾರದ ಮರಾಠಿ, ತೆಲುಗು ನಮಗೆಲ್ಲ ಬರುತ್ತದೆ, ಸರಿ. ಆದರೆ ಅಂಜಿದ ಹೆಣ್ಣುಮಗಳು ಪರಭಾಷೆಯಲ್ಲಿ ಕೇಳಿದ್ದನ್ನು ಮನೆಗೆ ಮುಟ್ಟುವವರೆಗೆ ಹಿಡಿದಿಟ್ಟುಕೊಳ್ಳುವುದು ಸಂತೆಪಟ್ಟಿ ಹಿಡಿದಂತಲ್ಲ. ಎದ್ದು ಬರುವ ಮುಂಚೆ ‘ನಾ ಒಮ್ಮೆ ಕನ್ನಡದಾಗ ಹೇಳತೀನ್ರಿ, ಬರೋಬರಿ ಐತೇನು ನೋಡ್ರಿ’ ಅಂತ ಅಲ್ಲೇ ಕೇಳಬಹುದು. ಕೌನ್ಸೆಲರಿಗೆ ಕನ್ನಡ ಬಾರದಿದ್ದರೆ, ಅವಳು ನಂಬಿದ ಅಕ್ಕನೋ ತಂಗಿಯೋ ಜೊತೆಗೆ ಹೋದರಾಯಿತು.